ಚಿತ್ರದಲ್ಲಿ ವೆನಿಸ್ ಉಲ್ಟಾ ಯಾಕೆ?

ಪ್ರಶ್ನೆ: ಚೋರ್ ಬಜಾರಿನಲ್ಲಿ 1,200 ರೂಪಾಯಿ ಕೊಟ್ಟು ವೆನಿಸ್ ಊರಿನ ಹಳೇ ಚಿತ್ರವೊಂದನ್ನು ತಂದೆ. ದಡದ ಮೇಲೆ ಜನ, ಪಕ್ಕದಲ್ಲಿ ದೋಣಿ. ಕೆಳಗೆ ‘ವಿಸ್ಲರ್, ಎಚಿಂಗ್, 1880’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಹಡಗಿನಲ್ಲಿ ಕೆಲಸ ಮಾಡುವ ಮಗ ನೋಡಿ, “ಅಪ್ಪಾ, ನೀರಿರಬೇಕಾದ ಕಡೆ ಮನೆಗಳಿವೆ, ಇದು ಡುಪ್ಲಿಕೇಟ್” ಎಂದು ನಕ್ಕ. ನನಗೆ ಟೋಪಿ ಬಿತ್ತೇ?
– ಓದುಗರು, ಡೊಂಬಿವಲಿ

ಉತ್ತರ: ಮಗ ಕಂಡದ್ದು ಸರಿ. ಆದರೆ ಉಲ್ಟಾ ಇದೆ ಅಂತ ನಕಲಿ ಅನ್ನುವ ಹಾಗಿಲ್ಲ. ಅಮೆರಿಕದ ಚಿತ್ರಕಾರ ವಿಸ್ಲರನ ಅಸಲಿ ಪ್ರತಿಗಳಲ್ಲೂ ವೆನಿಸ್ ಎಡಬಲ ಅದಲುಬದಲಾಗಿಯೇ ಇದೆ.

ನಾನು ಗಿರಗಾಂವಿನಲ್ಲಿ ಬ್ಲಾಕ್, ಅಂದರೆ ಚಿತ್ರ ಅಚ್ಚು ಹಾಕುವ ತಗಡಿನ ಪಡಿಯಚ್ಚು, ಮಾಡುವ ಅಂಗಡಿಯೊಂದರಲ್ಲಿ 22 ವರ್ಷ ಸತುವಿನ ತಗಡನ್ನು ನೈಟ್ರಿಕ್ ಆಸಿಡ್ಡಿಗೆ ಇಳಿಸಿದವನು. ಬೆರಳೆಲ್ಲ ಹಳದಿ. ಊರಿಗೆ ಹೋದರೆ ಅಜ್ಜಿ, “ಅರಿಶಿನ ಅರೆದು ಬಂದೆಯಾ?” ಅನ್ನುತ್ತಿದ್ದಳು. ಎಚಿಂಗ್ ಕೂಡ ಆಸಿಡ್ಡಿನದೇ ಆಟ. ತಾಮ್ರದ ತಗಡಿಗೆ ಮೇಣ ಬಳಿದು ಸೂಜಿಯಿಂದ ಗೀರುತ್ತಾರೆ. ಮೇಣ ಹೋದಲ್ಲಿ ಆಸಿಡ್ ತಿನ್ನುತ್ತದೆ. ಜಾಸ್ತಿ ಹೊತ್ತು ಬಿಟ್ಟಷ್ಟೂ ಗೆರೆ ಆಳ, ಅಚ್ಚು ಕಪ್ಪು. ನಮ್ಮ ಬ್ಲಾಕಿನಲ್ಲಿ ಶಾಯಿ ಹಿಡಿಯುವುದು ಉಬ್ಬಿದ ಗೆರೆ, ಅಲ್ಲಿ ತಗ್ಗಿದ ಗೆರೆ. ಮೇಲಿನ ಶಾಯಿ ಒರೆಸಿ, ಒದ್ದೆ ಕಾಗದ ಹಾಸಿ ಒತ್ತುತ್ತಾರೆ. ತಗಡಿನ ಎಡ ಕಾಗದದಲ್ಲಿ ಬಲ. ನಾವು ಮೊದಲೇ ತಿರುಗಿಸಿಟ್ಟುಕೊಳ್ಳುತ್ತಿದ್ದೆವು. ಇಲ್ಲದಿದ್ದರೆ ಲಗ್ನಪತ್ರಿಕೆಯ ಎಡಮುರಿ ಗಣಪ ಬಲಮುರಿಯಾಗಿಬಿಡುತ್ತಿದ್ದ. ಗಿರಾಕಿ ಸುಮ್ನೆ ಬಿಡುತ್ತಾನಾ?

ವಿಸ್ಲರನಿಗೆ ಆ ಚಿಂತೆ ಇರಲಿಲ್ಲ. ತಗಡನ್ನು ಬೀದಿಗೇ ಒಯ್ದು ಕಂಡ ಹಾಗೆ ಗೀರಿದ. 1879ರಲ್ಲಿ ಅವನು ದಿವಾಳಿಯಾಗಿದ್ದ. ಲಂಡನ್ನಿನ ಫೈನ್ ಆರ್ಟ್ ಸೊಸೈಟಿ 12 ತಗಡು ಮಾಡಿಕೊಡು ಎಂದು ವೆನಿಸ್ಸಿಗೆ ಕಳಿಸಿತು. ಮೂರು ತಿಂಗಳ ಕೆಲಸ. ಇದ್ದದ್ದು ಹದಿನಾಲ್ಕು ತಿಂಗಳು, ಮಾಡಿದ್ದು ಸುಮಾರು 50! ನನಗೆ ಇಷ್ಟವಾಗುವುದು ಅದರೊಳಗಿನ ಗಲ್ಲಿಗಳು. ಬಾಗಿಲಲ್ಲಿ ಕೂತು ಮಣಿ ಪೋಣಿಸುವ ಹೆಂಗಸರು, ಕತ್ತಲ ಓಣಿಯ ಬಾಯಲ್ಲಿ ನಿಂತ ಭಿಕ್ಷುಕರು. ಕೆಲವು ಕಡೆ ನಾಲ್ಕೇ ಗೆರೆ, ಉಳಿದದ್ದು ಖಾಲಿ ಕಾಗದ.

ಇನ್ನು ನಿಮ್ಮ ಪ್ರತಿ. ವಿಸ್ಲರ್ ಈ ಚಿತ್ರಗಳ ಅಂಚನ್ನು ಕಾಗದದ ಮೇಲೆ ಒತ್ತಿದ ತಗಡಿನ ಗುರುತಿನವರೆಗೂ ಕತ್ತರಿಸಿ, ಕೆಳಗೆ ಕಿವಿಯಂಥ ಚಿಕ್ಕದೊಂದು ಕಾಗದದ ತುದಿ ಮಾತ್ರ ಬಿಟ್ಟು, ಅದರಲ್ಲಿ ಸಹಿಯ ಬದಲು ತನ್ನ ಚಿಟ್ಟೆ ಗುರುತು ಹಾಕುತ್ತಿದ್ದ. ನಿಮ್ಮದರಲ್ಲಿ ಹೆಸರು, ಇಸವಿ ಅಚ್ಚಾಗಿವೆ. ಯಾವುದೋ ಪುಸ್ತಕದಿಂದ ಕಿತ್ತ ಹಾಳೆಯಂತೆ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿ. ಸಾಲುಸಾಲು ಚುಕ್ಕಿ ಕಂಡರೆ ಅದು ನಮ್ಮಂಥ ಬ್ಲಾಕಿನವರ ಕೈಕೆಲಸ.

1,200 ಜಾಸ್ತಿಯಾಯಿತು. ಫ್ರೇಮು ಸಾಗುವಾನಿಯದ್ದಾದರೆ ಸ್ವಲ್ಪ ವಸೂಲಾದ ಹಾಗೆ, ಅಲ್ವಾ? ಮಗನಿಗೆ ಚಿತ್ರವನ್ನು ಕನ್ನಡಿಯಲ್ಲಿ ತೋರಿಸಿ. ಅವನು ಕಂಡ ವೆನಿಸ್ ಅಲ್ಲಿದೆ.