ಊದುಬತ್ತಿಗೆ ವಾಸನೆ ಸೇರುವುದು ಕೊನೆಯಲ್ಲಿ

ದಿನಾ ದೇವರ ಮುಂದೆ ಹಚ್ಚುವ ಊದುಬತ್ತಿ ಫ್ಯಾಕ್ಟರಿಯಲ್ಲಿ ಹೇಗೆ ತಯಾರಾಗುತ್ತೆ, ಗಂಧದ ಪುಡಿಯಿಂದಲೇ ಮಾಡ್ತಾರಾ ಅಂತ ಕೇಳಿದ್ದೀರಿ. ನಾನು ಮೈಸೂರಿನ ಒಂದು ಊದುಬತ್ತಿ ಕಾರ್ಖಾನೆಯಲ್ಲಿ 11 ವರ್ಷ ಕೆಲಸ ಮಾಡಿದ್ದೇನೆ. ಅದಕ್ಕೂ ಮುಂಚೆ ನಮ್ಮಮ್ಮ ಮನೆಯಲ್ಲೇ ಬತ್ತಿ ಹೊಸೆಯುತ್ತಿದ್ದರು. ಹಾಗಾಗಿ ಎರಡೂ ಕಡೆ ಕಂಡಿದ್ದನ್ನು ಹೇಳುತ್ತೇನೆ.

ಈಗ ಅಂಗಡಿಯಲ್ಲಿ ಸಿಗುವ ಕಪ್ಪು ಬತ್ತಿಯಲ್ಲಿ ಹೆಚ್ಚಿನವಕ್ಕೆ ಹೊಸೆದಾಗ ಪರಿಮಳವೇ ಇರುವುದಿಲ್ಲ. ಇದನ್ನು ಕಚ್ಚಾ ಬತ್ತಿ ಅಂತೀವಿ. ಇದ್ದಿಲು ಪುಡಿ, ಮರದ ಪುಡಿ, ಜಿಗಟು ಪುಡಿ, ನೀರು, ಬಿದಿರು ಕಡ್ಡಿ. ಇಷ್ಟೇ ಸಾಮಾನು. ಇದ್ದಿಲಿನಿಂದ ಬತ್ತಿ ಆರದೆ ಒಂದೇ ಸಮ ಕೆಂಡವಾಗಿ ಉರಿಯುತ್ತದೆ. ಜಿಗಟು ಅಂದರೆ ಮರದ ತೊಗಟೆಯ ಪುಡಿ, ನೀರು ಬಿದ್ದರೆ ಅಂಟಾಗುತ್ತದೆ. ನಮ್ಮ ಪಶ್ಚಿಮ ಘಟ್ಟದ ಗುಳಿಮಾವು ಮರದ ತೊಗಟೆಯನ್ನು ಇದಕ್ಕಾಗಿ ವರ್ಷಾನುಗಟ್ಟಲೆ ಸುಲಿದು, ಎಷ್ಟೋ ಕಡೆ ಆ ಮರವೇ ಕಡಿಮೆಯಾಗಿದೆ. ಇದು ನನಗೆ ನಿಜವಾಗಿ ಬೇಜಾರಿನ ಸಂಗತಿ.

ಕೆಲಸದ ಕಷ್ಟವೆಲ್ಲ ಹದದಲ್ಲಿದೆ. ಜಿಗಟು ಜಾಸ್ತಿಯಾದರೆ ಬತ್ತಿ ಕಲ್ಲಿನಂತಾಗಿ ಅರ್ಧಕ್ಕೇ ಆರುತ್ತದೆ. ಕಡಿಮೆಯಾದರೆ ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಕೈಯಲ್ಲಿ ಹೊಸೆಯಲು ಚಪಾತಿ ಹಿಟ್ಟಿನ ಹದ ಬೇಕು. ಯಂತ್ರಕ್ಕೆ ಅದಕ್ಕಿಂತ ಒಣ ಹಿಟ್ಟು, ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಆದರೆ ಕೈಗೆ ಮೆತ್ತಬಾರದು.

ಅಮ್ಮ ಹೊಸೆಯುವುದನ್ನು ನೀವು ನೋಡಬೇಕಿತ್ತು. ಮುಂದೆ ಒಂದು ಹಲಗೆ, ಎಡಗಡೆ ಕಡ್ಡಿ, ಬಲಗಡೆ ಹಿಟ್ಟು. ಗೋಲಿಯಷ್ಟು ಹಿಟ್ಟು ಚಿವುಟಿ ಕಡ್ಡಿಯ ಮೇಲಿಟ್ಟು ಅಂಗೈಯಿಂದ ಒಮ್ಮೆ ಮುಂದಕ್ಕೆ ಉರುಳಿಸಿದರೆ ಸಾಕು, ಹಿಟ್ಟು ತುದಿಯವರೆಗೂ ಸಮನಾಗಿ ಹರಡುತ್ತಿತ್ತು. ಹಿಡಿಯಲು ಕೆಳಗೆ ಒಂದು ಇಂಚಷ್ಟು ಬರೀ ಕಡ್ಡಿ ಉಳಿಯುತ್ತಿತ್ತು, ಪ್ರತಿ ಬತ್ತಿಯಲ್ಲೂ ಅಷ್ಟೇ. ಕೂಲಿ ಸಾವಿರ ಬತ್ತಿಗೆ ಇಷ್ಟು ಅಂತ. ಮುರಿದದ್ದು ಲೆಕ್ಕಕ್ಕಿಲ್ಲ. ಅಂಗೈ ಗೆರೆಗಳಲ್ಲಿ ಕೂತ ಕಪ್ಪು ಹಬ್ಬದ ದಿನವೂ ಹೋಗುತ್ತಿರಲಿಲ್ಲ.

ಈಗ ಹೆಚ್ಚಾಗಿ ಯಂತ್ರ. ನಿಮಿಷಕ್ಕೆ 150ರಿಂದ 200 ಬತ್ತಿ ಹೊರಗೆ ಬರುತ್ತದೆ. ಆದರೆ ಯಂತ್ರಕ್ಕೆ ಎಲ್ಲಾ ಕಡ್ಡಿಯೂ ಆಗುವುದಿಲ್ಲ, 1.3 ಮಿಲಿಮೀಟರ್ ದಪ್ಪದ ದುಂಡು ಕಡ್ಡಿಯೇ ಬೇಕು. ಕೈಯಲ್ಲಿ ಹೊಸೆಯುವಾಗ ತ್ರಿಪುರಾದಿಂದ ಬರುವ ಚೌಕ ಕಡ್ಡಿ ನಡೆಯುತ್ತಿತ್ತು. ಯಂತ್ರ ಬಂದ ಮೇಲೆ ಚೀನಾ, ವಿಯೆಟ್ನಾಂನ ದುಂಡು ಕಡ್ಡಿ ತುಂಬಿಕೊಂಡಿತು, ಹೊಸೆದ ಬತ್ತಿಯೇ ಹೊರಗಿನಿಂದ ಬರತೊಡಗಿತು. 2019ರಲ್ಲಿ ಕೇಂದ್ರ ಸರ್ಕಾರ ಊದುಬತ್ತಿ ಆಮದಿಗೆ ನಿರ್ಬಂಧ ಹಾಕಿತು. 2020ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕವನ್ನು ಶೇ. 10ರಿಂದ 25ಕ್ಕೆ ಏರಿಸಿತು.

ಆಮೇಲೆ ಒಣಗಿಸುವುದು. ಬೇಗ ಆಗಲಿ ಅಂತ ಸುಡುಬಿಸಿಲಿಗೆ ಹಾಕಿದರೆ ಬತ್ತಿ ಬಾಗುತ್ತದೆ, ಮೈ ಬಿರಿಯುತ್ತದೆ. ನೆರಳಲ್ಲಿ ಗಾಳಿಗೆ ಹರಡುವುದೇ ಸರಿ. ಮಳೆಗಾಲದಲ್ಲಿ ಒಮ್ಮೆ ಆರ್ಡರ್ ಅವಸರದಲ್ಲಿ ನಾವು ಸರಿಯಾಗಿ ಒಣಗದ ಬತ್ತಿಯನ್ನು ಕಟ್ಟು ಕಟ್ಟಿ ಇಟ್ಟುಬಿಟ್ಟೆವು. ನಾಲ್ಕನೇ ದಿನ ಬಿಚ್ಚಿದರೆ ಒಳಗೆಲ್ಲ ಬಿಳಿ ಬೂಷ್ಟು. ಅಷ್ಟನ್ನೂ ಎಸೆದೆವು.

ಈಗ ನಿಮ್ಮ ನಿಜವಾದ ಪ್ರಶ್ನೆ, ಪರಿಮಳ. ಚೆನ್ನಾಗಿ ಒಣಗಿದ ಕಟ್ಟನ್ನು ಸೆಂಟಿನ ತಟ್ಟೆಯಲ್ಲಿ ಕೆಲವು ಸೆಕೆಂಡು ಅದ್ದಿ ಎತ್ತುತ್ತಾರೆ. ಸೆಂಟನ್ನು ಹಾಗೇ ಸುರಿಯುವುದಿಲ್ಲ, ಡಿಇಪಿ ಅನ್ನುವ ಬಣ್ಣವಿಲ್ಲದ ದ್ರವದಲ್ಲಿ ಬೆರೆಸುತ್ತಾರೆ. ಅದಕ್ಕೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಸೆಂಟು ಬೇಗ ಹಾರಿಹೋಗದಂತೆ ಹಿಡಿದಿಡುತ್ತದೆ. ಮಲ್ಲಿಗೆ, ಗುಲಾಬಿ, ಗಂಧ ಏನೇ ಇರಲಿ, ಕೆಳಗಿನ ಕಪ್ಪು ಬತ್ತಿ ಒಂದೇ. ಹಾಗಾಗಿ ಪ್ಯಾಕೆಟ್ ಮೇಲೆ ಗಂಧ ಅಂತ ಇದ್ದ ಮಾತ್ರಕ್ಕೆ ಒಳಗೆ ಗಂಧದ ಪುಡಿ ಇದೆ ಅಂತಲ್ಲ.

ಮಸಾಲೆ ಬತ್ತಿಯ ದಾರಿ ಬೇರೆ. ಅದರಲ್ಲಿ ಪರಿಮಳದ ಪುಡಿ, ಎಣ್ಣೆಗಳನ್ನು ಹಿಟ್ಟಿಗೇ ಸೇರಿಸಿ ನಾದುತ್ತಾರೆ. ಹಳೆಯ ರೀತಿಯಲ್ಲಾದರೆ ಹಾಲುಮಡ್ಡಿ ಅನ್ನುವ ಮರದ ಅಂಟು, ಜೇನುತುಪ್ಪವೂ ಬೀಳುತ್ತದೆ. ಹೊಸೆದ ಮೇಲೆ ಒಂದಕ್ಕೊಂದು ಅಂಟದಿರಲಿ ಅಂತ ಪುಡಿಯಲ್ಲಿ ಹೊರಳಿಸುತ್ತಾರೆ. ಮುಟ್ಟಿದರೆ ಸ್ವಲ್ಪ ಮೆತ್ತಗಿರುತ್ತದೆ. ಬೆಲೆ ಜಾಸ್ತಿ, ಆದರೆ ಹಚ್ಚುವ ಮೊದಲೇ ಕೋಣೆಯೆಲ್ಲ ಘಮ್ ಅನ್ನುತ್ತದೆ.

ಅದ್ದಿದ ಬತ್ತಿ ಒಂದು ರಾತ್ರಿ ಆರಿದ ಮೇಲೆ ಪ್ಯಾಕಿಂಗ್. ನಮ್ಮಲ್ಲಿ ತೂಕದ ಯಂತ್ರ ಇತ್ತು. ಆದರೂ ಹಳೆಯ ಹೆಂಗಸರು ರಾಶಿಗೆ ಕೈ ಹಾಕಿ ಒಂದು ಹಿಡಿ ಎತ್ತಿದರೆ ಸರಿಯಾಗಿ 20 ಬರುತ್ತಿತ್ತು. ನಾನು ಬೇಕಂತಲೇ ಎಷ್ಟೋ ಸಲ ಎಣಿಸಿ ನೋಡಿದ್ದೇನೆ. ತಪ್ಪಿದರೆ ಒಂದು, ಅದೂ ಅಪರೂಪಕ್ಕೆ.