ಆತಂಕ ಇದ್ದರೆ ಮೆದುಳಿನ ಕನೆಕ್ಷನ್ ಕೆಟ್ಟಿದೆ ಅಂತಲಾ?

ಆತಂಕದ ಕಾಯಿಲೆ ಇರುವವರ ಮೆದುಳಿನಲ್ಲಿ ಕನೆಕ್ಷನ್ ಬೇರೆ ಥರ ಇರುತ್ತದಂತೆ, ಸ್ಕ್ಯಾನ್ ಮಾಡಿಸಿದರೆ ಅದು ಕಾಣುತ್ತದಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಇದೇ ಕಾಯಿಲೆಯವನು. ನಾಲ್ಕು ವರ್ಷದ ಹಿಂದೆ ತಲೆಸುತ್ತು ಅಂತ ಎಂಆರ್‌ಐ ಮಾಡಿಸಿದ್ದೆ. ಆ ಕೊಳವೆಯೊಳಗಿನ ಟಕಟಕ ಸದ್ದಿಗೇ ಅರ್ಧ ಜೀವ ಹೋಗಿತ್ತು. ರಿಪೋರ್ಟ್ ನೋಡಿದರೆ ಎಲ್ಲ ನಾರ್ಮಲ್. ನಿಜ ಹೇಳಬೇಕಂದ್ರೆ ಬೇಜಾರೇ ಆಯಿತು. ಏನಾದರೂ ಸಿಕ್ಕಿದ್ದರೆ ಮನೆಯವರಿಗೆ ತೋರಿಸಬಹುದಿತ್ತು, ಅಲ್ವಾ?

ಆಮೇಲೆ ಓದಿ ತಿಳಿದುಕೊಂಡೆ. ನನಗೆ ಮಾಡಿದ್ದು ಗಡ್ಡೆ, ರಕ್ತಸ್ರಾವ ಇಂಥದ್ದನ್ನು ಹುಡುಕುವ ಎಂಆರ್‌ಐ. ನೀವು ಕೇಳುತ್ತಿರುವ ಕನೆಕ್ಷನ್ ಅದರಲ್ಲಿ ಕಾಣುವುದಿಲ್ಲ. ಸಂಶೋಧಕರು ಅದಕ್ಕೆ ಎಫ್‌ಎಂಆರ್‌ಐ ಬಳಸುತ್ತಾರೆ. ಮೆದುಳಿನ ಯಾವ ಜಾಗದ ರಕ್ತದಲ್ಲಿ ಆಕ್ಸಿಜನ್ ಯಾವಾಗ ಏರಿತು, ಯಾವಾಗ ಇಳಿಯಿತು ಅಂತ ಅದು ಅಳೆಯುತ್ತದೆ. ಎರಡು ಜಾಗಗಳು ಒಟ್ಟೊಟ್ಟಿಗೆ ಏರಿ ಇಳಿಯುತ್ತಿದ್ದರೆ ‘ಕನೆಕ್ಟಿವಿಟಿ ಇದೆ’ ಅನ್ನುತ್ತಾರೆ. ಅವುಗಳ ನಡುವೆ ನೇರ ನರ ಇರಲೇಬೇಕು ಅಂತಿಲ್ಲ. 1995ರಲ್ಲಿ ಭರತ್ ಬಿಸ್ವಾಲ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು ಇದನ್ನು ತೋರಿಸಿದರು. ಎಡಗೈ, ಬಲಗೈ ಆಡಿಸುವ ಎರಡು ಜಾಗಗಳು, ಆ ಮನುಷ್ಯ ಸುಮ್ನೆ ಮಲಗಿದ್ದಾಗಲೂ ಜೊತೆಯಾಗಿ ಏರಿಳಿಯುತ್ತಿದ್ದವು!

ಈಗ ಆತಂಕಕ್ಕೆ ಬರೋಣ. ಅಮಿಗ್ಡಲ ಅಂತ ಬಾದಾಮಿಯಂಥ ಭಾಗ ಒಂದಿದೆ. ಕತ್ತಲಲ್ಲಿ ಹಗ್ಗ ಕಂಡು ‘ಹಾವು!’ ಅಂತ ಬೆಚ್ಚುವುದರಲ್ಲಿ ಅದರ ಪಾಲು ದೊಡ್ಡದು. ಹಣೆಯ ಹಿಂದಿನ ಭಾಗ ‘ಹಗ್ಗ ಕಣಪ್ಪಾ, ಸುಮ್ನಿರು’ ಅನ್ನಬೇಕು. ಆತಂಕ ಇರುವವರಲ್ಲಿ ಇವೆರಡರ ತಾಳ ಬೇರೆ ಥರ ಇದೆ ಅಂತ ಹಲವು ಅಧ್ಯಯನಗಳು ಹೇಳಿವೆ. ಆದರೆ ಕೆಲವದರಲ್ಲಿ ಕನೆಕ್ಟಿವಿಟಿ ಕಮ್ಮಿ, ಕೆಲವದರಲ್ಲಿ ಜಾಸ್ತಿ.

ನನಗೆ ಹೆಚ್ಚು ಹಿಡಿಸಿದ್ದು ಸೇಲಿಯನ್ಸ್ ನೆಟ್‌ವರ್ಕ್. ಬರುವ ಸುದ್ದಿಗಳಲ್ಲಿ ಯಾವುದಕ್ಕೆ ಗಮನ ಕೊಡಬೇಕು ಅಂತ ಆರಿಸುವ, ಮೆದುಳಿನ ಕೆಲವು ಭಾಗಗಳ ಗುಂಪು ಇದು. ಎದೆಬಡಿತ, ಹೊಟ್ಟೆಯ ತಳಮಳದ ಸುದ್ದಿ ತಲುಪುವ ಇನ್ಸುಲಾ ಇದರಲ್ಲಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ವಿನೋದ್ ಮೆನನ್ 2011ರಲ್ಲಿ ಮೂರು ನೆಟ್‌ವರ್ಕ್‌ಗಳ ಒಂದು ಮಾದರಿ ಮುಂದಿಟ್ಟರು. ಒಂದು ಈ ಸೇಲಿಯನ್ಸ್, ಇನ್ನೊಂದು ಸುಮ್ಮನಿದ್ದಾಗ ನಮ್ಮ ಬಗ್ಗೆ ನಾವೇ ಯೋಚಿಸುವ ಡಿಫಾಲ್ಟ್ ಮೋಡ್, ಮೂರನೆಯದು ಕೆಲಸಕ್ಕೆ ಗಮನ ಕೂಡಿಸುವುದು. ಉಳಿದೆರಡರ ನಡುವೆ ಗಮನವನ್ನು ಹೊರಳಿಸುವುದು ಸೇಲಿಯನ್ಸ್ ಕೆಲಸ ಅಂತ ಅವರ ವಾದ. ನನ್ನ ಮಟ್ಟಿಗೆ ಇದು ಎಲೆ ಉದುರಿದರೂ ಬೊಗಳುವ ನಾಯಿ. ರಾತ್ರಿ ಎರಡು ಗಂಟೆಗೆ ಎದೆ ಒಂದು ಸಲ ಜೋರಾಗಿ ಬಡಿದರೆ ಸಾಕು, ಬೆಳಗಿನವರೆಗೆ ನಿದ್ದೆ ಇಲ್ಲ.

ಆದರೆ ಇವೆಲ್ಲ ಗುಂಪಿನ ಸರಾಸರಿ. ಆತಂಕ ಇರುವ, ಇಲ್ಲದ ಗುಂಪುಗಳ ನಡುವೆ ಸಣ್ಣ ವ್ಯತ್ಯಾಸ ಸಿಗಬಹುದು. ಒಬ್ಬರ ಸ್ಕ್ಯಾನ್ ನೋಡಿ ‘ಇವರಿಗೆ ಆತಂಕ’ ಅಂತ ಹೇಳಲಾಗದು. 2022ರಲ್ಲಿ ‘ನೇಚರ್’ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಸುಮಾರು 50,000 ಜನರ ಮಾಹಿತಿ ನೋಡಿದ ಒಂದು ಅಧ್ಯಯನ ಬಂತು. ಮೆದುಳಿಗೂ ಮನಸ್ಸಿಗೂ ಇಂಥ ನಂಟು ನಂಬುವ ಹಾಗೆ ಸಿಗಬೇಕಾದರೆ ಸಾವಿರಾರು ಜನ ಬೇಕು ಅಂತ ಅದು ಹೇಳಿತು. ಸಾಮಾನ್ಯವಾಗಿ ಇಂಥ ಅಧ್ಯಯನಗಳಲ್ಲಿ ಇರುತ್ತಿದ್ದದ್ದು 25 ಜನ! ಇನ್ನೊಂದು ತಮಾಷೆ: ತಲೆ ಚೂರು ಅಲ್ಲಾಡಿದರೂ ಕನೆಕ್ಟಿವಿಟಿಯ ಲೆಕ್ಕ ಏರುಪೇರಾಗುತ್ತದೆ. ಆ ಕೊಳವೆಯೊಳಗೆ ನನ್ನಂಥವನು ಅಲ್ಲಾಡದೆ ಮಲಗುತ್ತಾನಾ?

ಹಾಗಾಗಿ ಇದಕ್ಕಂತಲೇ ಸ್ಕ್ಯಾನ್‌ಗೆ ದುಡ್ಡು ಹಾಕಬೇಡಿ. ಡಾಕ್ಟರು ಬೇರೆ ಕಾರಣಕ್ಕೆ ಬರೆದುಕೊಟ್ಟರೆ ಅದು ಬೇರೆ ಮಾತು. ನಿಮ್ಮ ನಿದ್ದೆ ಹೇಗಿದೆ, ಏನಕ್ಕೆ ಹೆದರಿ ಎಲ್ಲೆಲ್ಲಿ ಹೋಗುವುದು ಬಿಟ್ಟಿದ್ದೀರಿ ಅಂತ ಕೂತು ಕೇಳುವ ಮನೋವೈದ್ಯರು ಸಿಕ್ಕರೆ ಅಲ್ಲಿಂದ ಶುರು ಮಾಡಿ. ಹೊರಗೆ ಹೋಗಲು ಮನಸ್ಸಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.