ಹಳೆಯ ಆಂಪ್ಲಿಫೈಯರ್‌ಗೆ ನೆಟ್‌ವರ್ಕ್ ಪ್ಲೇಯರ್ ಬೇಕೇ, ಫೋನಿನ ಬ್ಲೂಟೂತ್ ಸಾಲದೇ?

ಅಡುಗೆ ಮಾಡುತ್ತಾ ಹಾಡು ಕಿವಿಗೆ ಬಿದ್ದರೆ ಸಾಕು ಎನ್ನುವವರಿಗೆ ಬ್ಲೂಟೂತ್ ಧಾರಾಳ. ಕೂತು ಕೇಳುವವರಿಗೆ ವ್ಯತ್ಯಾಸವಿದೆ. ಸಿ.ಡಿ.ಯಿಂದ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಹರಿಯುತ್ತದೆ. ಸಾಮಾನ್ಯ ಬ್ಲೂಟೂತ್ ಅದನ್ನು ಹಿಂಡಿ, ಒಂದಷ್ಟು ಮಾಹಿತಿ ಬಿಸಾಡಿಯೇ ಕಳಿಸುವುದು. ನೆಟ್‌ವರ್ಕ್ ಪ್ಲೇಯರ್ ಹಾಗಲ್ಲ: ವೈಫೈ ಅಥವಾ ಕೇಬಲ್ ಮೂಲಕ ಫೈಲನ್ನು ತಾನೇ ಇಡಿಯಾಗಿ ಎಳೆದುಕೊಳ್ಳುತ್ತದೆ. ಫೋನು ಬರೀ ರಿಮೋಟ್. ನಡುವೆ ಕರೆ ಬಂದರೂ ಆಲಾಪನೆ ನಿಲ್ಲದು (ನನಗೆ ಇದೊಂದೇ ಕಾರಣ ಸಾಕಿತ್ತು).

ದುಬಾರಿ ಪೆಟ್ಟಿಗೆಯೇ ಆಗಬೇಕೆಂದಿಲ್ಲ. ಲಾಜಿಟೆಕ್ ಕಂಪನಿ 2012ರಲ್ಲಿ ಸ್ಕ್ವೀಜ್‌ಬಾಕ್ಸ್ ಎಂಬ ತನ್ನ ನೆಟ್‌ವರ್ಕ್ ಪ್ಲೇಯರ್‌ಗಳ ತಯಾರಿಕೆ ಕೈಬಿಟ್ಟರೂ ಅವುಗಳಿಗೆ ಹಾಡು ಒದಗಿಸುತ್ತಿದ್ದ ಮುಕ್ತ ಸರ್ವರ್ ತಂತ್ರಾಂಶ ಈಗ ಲಿರಿಯಾನ್ ಎಂಬ ಹೆಸರಿನಲ್ಲಿ ಬದುಕಿದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಒಂದು ಡ್ಯಾಕ್ ಬೋರ್ಡ್ (ಡಿಜಿಟಲ್ ಮಾಹಿತಿಯನ್ನು ಆಂಪ್ಲಿಫೈಯರಿಗೆ ಬೇಕಾದ ಅನಲಾಗ್ ಸಂಕೇತವಾಗಿಸುವ ಹಲಗೆ) ಕೂರಿಸಿ, ಆ ಸರ್ವರಿನಿಂದ ಹಾಡು ಪಡೆದು ನುಡಿಸುವ ಪೈಕೋರ್‌ಪ್ಲೇಯರ್ ತಂತ್ರಾಂಶ ಹಾಕಿ, ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ಸಿಕ್ಕಿಸಿ.